ಓದುಗರ ಪ್ರಶ್ನೆ: ರದ್ದಿಗೆ ಹೊರಟಿದ್ದ ಚಿತ್ರಕಥೆಗಳು ಮತ್ತು ಬಿಲ್ ಬ್ಲ್ಯಾಕ್‌ಬಿಯರ್ಡ್

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಚಿತ್ರಕಥೆ ಸಂಗ್ರಾಹಕ ಬಿಲ್ ಬ್ಲ್ಯಾಕ್‌ಬಿಯರ್ಡ್ ಅವರ ಬಗ್ಗೆ ನಾಲ್ಕು ಸಾಲಿನ ಟಿಪ್ಪಣಿ ಬಂದಿತ್ತು. ಗ್ರಂಥಾಲಯಗಳು ಬೇಡವೆಂದ ಹಳೆಯ ಪತ್ರಿಕೆಗಳನ್ನು ಮನೆಗೆ ಹೊತ್ತು ತಂದು, ಅವುಗಳಲ್ಲಿ ಚೌಕಗಳ ಸಾಲಾಗಿ ಅಚ್ಚಾಗುತ್ತಿದ್ದ ಚಿತ್ರಕಥೆಗಳಾದ ಕಾಮಿಕ್ ಸ್ಟ್ರಿಪ್‌ಗಳನ್ನು ಉಳಿಸಿದವರು, 2011ರಲ್ಲಿ ತೀರಿಕೊಂಡರು ಎಂದಷ್ಟೇ ಅದರಲ್ಲಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಕೆಲವು ಅವರ ಬಗ್ಗೆ, ಉಳಿದವು ಮನೆಯ ಅಟ್ಟದ ಮೇಲಿರುವ ಇಂದ್ರಜಾಲ ಕಾಮಿಕ್ಸ್ ಬಗ್ಗೆ. ಎರಡನ್ನೂ ಬೇರೆ ಮಾಡದೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬ್ಲ್ಯಾಕ್‌ಬಿಯರ್ಡ್ ಸ್ವತಃ ಚಿತ್ರಕಾರರಲ್ಲ, ದೊಡ್ಡ ಶ್ರೀಮಂತರೂ ಅಲ್ಲ ಎಂದು ಓದಿದೆ. ಹಾಗಿದ್ದೂ ಸಂಗ್ರಾಹಕರು ಅವರನ್ನು ಇಷ್ಟೊಂದು ಪ್ರೀತಿಯಿಂದ ನೆನೆಯುವುದೇಕೆ? (ಬೆಂಗಳೂರಿನ ಓದುಗರು)

ಉತ್ತರ: ಅವರು ಉಳಿಸಿದ್ದು ಆಗ ಯಾರೂ ಬೆಲೆ ಕಟ್ಟದಿದ್ದ ಸರಕು, ಕಾರಣ ಅದೇ. 1926ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಅವರು ಎರಡನೇ ಮಹಾಯುದ್ಧದಲ್ಲಿ ಯುರೋಪಿನ ರಣರಂಗದಲ್ಲಿದ್ದವರು. 1960ರ ದಶಕದ ಕೊನೆಗೆ ಕಾಮಿಕ್ ಸ್ಟ್ರಿಪ್‌ಗಳ ಚರಿತ್ರೆ ಬರೆಯಲು ಹೊರಟಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗ್ರಂಥಾಲಯಗಳು ಪತ್ರಿಕೆಗಳನ್ನು ಪುಟ್ಟ ಫೋಟೊಗಳ ಸುರುಳಿಯಾದ ಮೈಕ್ರೋಫಿಲ್ಮ್‌ಗೆ ಇಳಿಸಿ, ಬೈಂಡ್ ಮಾಡಿದ ಮೂಲ ಸಂಪುಟಗಳನ್ನು ಹೊರಹಾಕುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಆ ಸಂಪುಟಗಳನ್ನು ಕೇಳಿದರೆ, ಖಾಸಗಿ ವ್ಯಕ್ತಿಗೆ ಕೊಡಲು ನಿಯಮವಿಲ್ಲ, ಲಾಭರಹಿತ ಸಂಸ್ಥೆಗಾದರೆ ಕೊಡಬಹುದು ಎಂಬ ಉತ್ತರ. 1968ರಲ್ಲಿ ಅವರು ಒಂದು ಸಂಸ್ಥೆಯನ್ನೇ ನೋಂದಾಯಿಸಿದರು. ಹೆಸರು ‘ಸ್ಯಾನ್ ಫ್ರಾನ್ಸಿಸ್ಕೊ ಅಕಾಡೆಮಿ ಆಫ್ ಕಾಮಿಕ್ ಆರ್ಟ್’, ವಿಳಾಸ ಅವರದೇ ಮನೆ. ಹೆಸರು ಕೇಳಿದರೆ ಕಂಬಗಳ ಕಟ್ಟಡ ನೆನಪಾಗುತ್ತದೆ. ಒಳಗಿದ್ದದ್ದು ಸಂಸಾರದ ನಡುವೆ ನೆಲದಿಂದ ಸೂರಿನವರೆಗೆ ಪೇರಿಸಿದ ಪತ್ರಿಕೆಗಳು.

ಅಲ್ಲಿಂದ ಮೂವತ್ತು ವರ್ಷ ದೇಶದ ಬೇರೆ ಬೇರೆ ಗ್ರಂಥಾಲಯಗಳಿಂದ ಪತ್ರಿಕೆಗಳು ಬರುತ್ತಲೇ ಇದ್ದವು. 1997ರಲ್ಲಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯ ಸಂಗ್ರಹವನ್ನು ಕೊಂಡಿತು. 1998ರ ಆರಂಭದಲ್ಲಿ ಅದನ್ನು ಸಾಗಿಸಲು ಆರು ದೊಡ್ಡ ಟ್ರಕ್ ಬೇಕಾದವು. ತೂಕ ಸುಮಾರು 75 ಟನ್, ಕಟಿಂಗ್‌ಗಳೂ ಪುಟಗಳೂ ಸೇರಿ ಸುಮಾರು 25 ಲಕ್ಷ. ಅದು ಈಗ ಕೊಲಂಬಸ್ ನಗರದ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯದಲ್ಲಿದೆ.

ಪ್ರೀತಿಗೆ ಇನ್ನೊಂದು ಕಾರಣ, ಅವರು ಸಂಗ್ರಹಕ್ಕೆ ಬೀಗ ಹಾಕಿ ಕೂರಲಿಲ್ಲ. ಮಾರ್ಟಿನ್ ವಿಲಿಯಮ್ಸ್ ಜೊತೆ ಅವರು ಸಂಪಾದಿಸಿದ ಸ್ಮಿತ್‌ಸೋನಿಯನ್ ಸಂಸ್ಥೆಯ ಬೃಹತ್ ಸಂಕಲನ 1977ರಲ್ಲಿ ಬಂತು. ಅಲ್ಲಿಂದಾಚೆ ಕ್ರೇಜಿ ಕ್ಯಾಟ್, ಪಾಪಾಯ್, ಟೆರಿ ಅಂಡ್ ದ ಪೈರೇಟ್ಸ್ ಮುಂತಾದ ಹಳೆಯ ಅಮೆರಿಕನ್ ಸ್ಟ್ರಿಪ್‌ಗಳ ಮರುಮುದ್ರಣ ಸಾಧ್ಯವಾದದ್ದು ಬಹುಮಟ್ಟಿಗೆ ಈ ಮನೆಯ ಕಟಿಂಗ್‌ಗಳಿಂದ. 2011ರ ಮಾರ್ಚ್ 10ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸುದ್ದಿ ಸಂಗ್ರಾಹಕರ ಬಳಗಕ್ಕೆ ಮುಟ್ಟುವ ಹೊತ್ತಿಗೆ ಏಪ್ರಿಲ್ ಕೊನೆಯಾಗಿತ್ತು. ಮರುವರ್ಷ ಅಮೆರಿಕದ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿಯ ‘ಹಾಲ್ ಆಫ್ ಫೇಮ್’ನಲ್ಲಿ ಅವರ ಹೆಸರು ಸೇರಿತು.

ಪ್ರಶ್ನೆ: ಅವರು ಬೈಂಡ್ ಆದ ಸಂಪುಟಗಳಿಂದ ಸ್ಟ್ರಿಪ್‌ಗಳನ್ನು ಕತ್ತರಿಸಿ ತೆಗೆಯುತ್ತಿದ್ದರಂತೆ. ಉಳಿಸಿದವರೇ ಕತ್ತರಿ ಹಾಕಿದ್ದು ಸರಿಯೇ? (ಸಾಗರದ ನಿವೃತ್ತ ಗ್ರಂಥಪಾಲಕರು)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಕತ್ತರಿಸುತ್ತಿದ್ದರು, ಹೌದು. ಆದರೆ ಆಗ ಅವರ ಮುಂದಿದ್ದ ಆಯ್ಕೆಗಳನ್ನು ನೋಡಿ. ಮೈಕ್ರೋಫಿಲ್ಮ್ ಕಪ್ಪು ಬಿಳುಪಿನದು, ಅದರಲ್ಲೂ ನಡುವಿನ ಬೂದುಛಾಯೆಯನ್ನು ನುಂಗುವಂಥದು. 1890ರ ದಶಕದಿಂದ ಬಣ್ಣದಲ್ಲಿ ಬರುತ್ತಿದ್ದ ಭಾನುವಾರದ ಪುಟಗಳು ಅದರೊಳಗೆ ಮಸಿ ಮೆತ್ತಿದಂತೆ ಕಾಣುತ್ತವೆ. ಬೈಂಡಿಂಗ್‌ನ ಸಂದಿಗೆ ಹೋದ ಚೌಕ ಅರ್ಧ ಮಾಯ. ಮೂಲವನ್ನು ರದ್ದಿಗೆ ಹಾಕಿದ ಮೇಲೆ ಹಿಂದಿರುಗಿ ನೋಡಲು ಏನೂ ಇಲ್ಲ. ಇನ್ನು ಜಾಗದ ಪ್ರಶ್ನೆ: ಒಂದು ದಿನಪತ್ರಿಕೆಯ ಸಂಪುಟಗಳನ್ನು ಇಡೀ ಇಟ್ಟುಕೊಂಡರೆ ಒಂದು ಕೋಣೆ ತುಂಬುತ್ತದೆ, ಸ್ಟ್ರಿಪ್‌ಗಳನ್ನಷ್ಟೇ ತೆಗೆದರೆ ಕೆಲವು ಡಬ್ಬಿ.

ಲೇಖಕ ನಿಕೋಲ್ಸನ್ ಬೇಕರ್ ಇನ್ನೊಂದು ದಾರಿ ಹಿಡಿದರು. ಬ್ರಿಟಿಷ್ ಲೈಬ್ರರಿ ಮಾರಾಟಕ್ಕಿಟ್ಟ ಅಮೆರಿಕದ ಪತ್ರಿಕೆಗಳನ್ನು 1999ರಲ್ಲಿ ಕೊಂಡು, ಸಂಪುಟಗಳನ್ನು ಇಡಿಯಾಗಿಯೇ ಉಳಿಸಿ, 2004ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಇವತ್ತು ಕೇಳಿದರೆ ನಮ್ಮ ಮತ ಬೇಕರ್ ಕಡೆಗೆ. ಸ್ಟ್ರಿಪ್‌ನ ಪಕ್ಕದಲ್ಲಿ ಯಾವ ಸುದ್ದಿಯಿತ್ತು, ಯಾವ ಜಾಹೀರಾತಿತ್ತು ಎಂಬುದೂ ಚರಿತ್ರೆಯೇ. ಆದರೆ 1968ರಲ್ಲಿ ಇಡಿಯಾಗಿ ಇಡಲು ಬರುವುದನ್ನು ಮಾತ್ರ ಒಯ್ಯುತ್ತೇನೆ ಎಂದಿದ್ದರೆ ಬ್ಲ್ಯಾಕ್‌ಬಿಯರ್ಡ್ ಕೈಗೆ ಬಂದದ್ದರಲ್ಲಿ ಬಹುಪಾಲು ರದ್ದಿ ಸೇರುತ್ತಿತ್ತು. ನಿಮ್ಮ ಬಳಿ ಬೈಂಡ್ ಆದ ಹಳೆಯ ಹಾಸ್ಯಪತ್ರಿಕೆ ‘ಕೊರವಂಜಿ’ ಇದ್ದರೆ ಮಾತ್ರ ದಯವಿಟ್ಟು ಬ್ಲೇಡ್ ಹತ್ತಿರ ತರಬೇಡಿ. ಈಗ ಕ್ಯಾಮೆರಾ ಇದೆ.

ಪ್ರಶ್ನೆ: ಒಂದು ಸ್ಟ್ರಿಪ್‌ನ ಪೂರ್ತಿ ಸರಣಿ ಜೋಡಿಸುವುದು ಅಷ್ಟು ಕಷ್ಟವೇ? ಒಂದೇ ಪತ್ರಿಕೆಯನ್ನು ಬಿಡದೆ ಇಟ್ಟರೆ ಸಾಲದೇ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಸಾಲದು. ಲೆಕ್ಕ ಮೊದಲು. ವಾರಕ್ಕೆ ಆರು ದಿನ ಬರುವ ಸ್ಟ್ರಿಪ್ ಎಂದರೆ ವರ್ಷಕ್ಕೆ ಸುಮಾರು 313 ಕಟಿಂಗ್. ಮೂವತ್ತು ವರ್ಷ ನಡೆದ ಸ್ಟ್ರಿಪ್‌ಗೆ 9,390. ಭಾನುವಾರದ ಪುಟ ಇದಕ್ಕೆ ಹೊರತು. ಒಂದು ಪತ್ರಿಕೆ ಯಾವುದೋ ದಿನ ಜಾಹೀರಾತು ಜಾಸ್ತಿ ಬಂತೆಂದು ಸ್ಟ್ರಿಪ್ ಬಿಟ್ಟಿರುತ್ತದೆ, ಇನ್ನೊಂದು ದಿನ ಮುದ್ರಣದಲ್ಲಿ ಕೆಂಪು ಬಣ್ಣ ಗೆರೆಯಿಂದ ಆಚೆ ಜಾರಿರುತ್ತದೆ, ಮತ್ತೊಂದು ಪುಟವನ್ನು ಗ್ರಂಥಾಲಯದಲ್ಲಿ ಯಾರೋ ಹರಿದುಕೊಂಡು ಹೋಗಿರುತ್ತಾರೆ. ಆಗ ಅದೇ ದಿನದ ಬೇರೆ ಊರಿನ ಪತ್ರಿಕೆ ಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಭಾನುವಾರದ ಪುಟದ ಅಳತೆ. ಒಂದೇ ಸ್ಟ್ರಿಪ್ ಒಂದು ಪತ್ರಿಕೆಯಲ್ಲಿ ಪೂರ್ಣ ಪುಟ, ಇನ್ನೊಂದರಲ್ಲಿ ಅರ್ಧ ಪುಟ, ಮತ್ತೊಂದರಲ್ಲಿ ಟ್ಯಾಬ್ಲಾಯ್ಡ್ ಎಂಬ ಚಿಕ್ಕ ಪುಟ, ಮುಂದೆ ಮೂರನೇ ಒಂದು ಪುಟ. ಅಳತೆ ಕಿರಿದಾದಂತೆ ಚೌಕಗಳನ್ನು ಕೈಬಿಡುತ್ತಿದ್ದರು. ಹಾಗೆ ಬಿಡಲೆಂದೇ ಮೊದಲ ಸಾಲಿನಲ್ಲಿ ಕಥೆಗೆ ಅನಿವಾರ್ಯವಲ್ಲದ ಚೌಕ ಬರೆಯುವುದು ಚಿತ್ರಕಾರರಿಗೆ ರೂಢಿಯಾಗಿತ್ತು. ಅರ್ಧ ಪುಟದ ಕಟಿಂಗ್ ನೋಡಿದವರಿಗೆ ಏನೋ ಕಳೆದಿದೆ ಎಂಬ ಅನುಮಾನವೂ ಬರುವುದಿಲ್ಲ. ಸರಣಿ ಪೂರ್ತಿ ಇದೆ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಅಳತೆಯದು?’

ಕ್ರೇಜಿ ಕ್ಯಾಟ್‌ನದು ಇನ್ನೂ ಪೇಚು. ಚಿತ್ರಕಾರ ಜಾರ್ಜ್ ಹೆರಿಮನ್ ಅದರ ವಾರದ ಪುಟ ಶುರುಮಾಡಿದ್ದು 1916ರಲ್ಲಿ. ಆದರೆ ಅದು ಕಾಮಿಕ್ಸ್ ಪುರವಣಿಯಲ್ಲಿ ಬರಲಿಲ್ಲ, ನಾಟಕ ಮತ್ತು ಕಲೆಯ ಪುಟಗಳ ಜೊತೆ ಕಪ್ಪು ಬಿಳುಪಿನಲ್ಲಿ ಬಂತು. ಬಣ್ಣದ ಪುರವಣಿಯನ್ನಷ್ಟೇ ಎತ್ತಿಟ್ಟ ಸಂಗ್ರಾಹಕರ ಬಳಿ ಅದು ಇರುವುದೇ ಇಲ್ಲ. ಬಣ್ಣ ಬಂದದ್ದು 1935ರಲ್ಲಿ, ಅದೂ ಕೆಲವೇ ಪತ್ರಿಕೆಗಳಲ್ಲಿ. 1944ರಲ್ಲಿ ಹೆರಿಮನ್ ತೀರಿಕೊಂಡ ಮೇಲೆ ಕೈಯಲ್ಲಿದ್ದಷ್ಟು ಪುಟ ಅಚ್ಚಾಗಿ ನಿಂತಿತು. ಈ ಪುಟಗಳನ್ನು ಸಾಲಾಗಿ ಓದಬಹುದಾಗಿದ್ದರೆ ಅದು, ಇಡೀ ಪತ್ರಿಕೆಯನ್ನು ತರಿಸಿ ಎಲ್ಲ ವಿಭಾಗಗಳನ್ನೂ ತಿರುವಿ ಹಾಕಿದವರಿಂದ.

ಪ್ರಶ್ನೆ: ನಮ್ಮ ತಂದೆಯವರ ಇಂದ್ರಜಾಲ ಕಾಮಿಕ್ಸ್ ಸುಮಾರು ಇನ್ನೂರು, ವಾರಪತ್ರಿಕೆಯಿಂದ ಕತ್ತರಿಸಿದ ಫ್ಯಾಂಟಮ್ ಒಂದು ಟ್ರಂಕಿನಷ್ಟು ಇವೆ. ಪುಟ ಹಳದಿಯಾಗಿದೆ, ಪಿನ್ ತುಕ್ಕು ಹಿಡಿದಿದೆ, ಆಟಿಯ ಮಳೆಯಲ್ಲಿ ಬೂಸ್ಟು ಬರುತ್ತದೆ. ಏನು ಮಾಡಲಿ? (ಉಡುಪಿಯ ಓದುಗರು)

ಉತ್ತರ: ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಮೊದಲು ಕಾಗದದ ಸ್ವಭಾವ. ನ್ಯೂಸ್‌ಪ್ರಿಂಟ್ ಎಂದರೆ ಮರವನ್ನು ಅರೆದು ಮಾಡಿದ ಕಾಗದ, ಅದರಲ್ಲಿ ಮರದ ನಾರನ್ನು ಬೆಸೆಯುವ ಲಿಗ್ನಿನ್ ಉಳಿದಿರುತ್ತದೆ. ಬೆಳಕು ತಾಗಿದರೆ ಲಿಗ್ನಿನ್‌ನಿಂದ ಹಳದಿ, ಕಾಗದದೊಳಗಿನ ಆಮ್ಲದಿಂದ ಪೆಡಸು. ಹಳದಿಯನ್ನು ಬಿಳಿ ಮಾಡಲು ಹೋಗಬೇಡಿ. ಬ್ಲೀಚ್ ಹಾಕಿದವರ ಪುಟ ಒಂದೆರಡು ವರ್ಷ ಚೆಂದ ಕಂಡು ಆಮೇಲೆ ಹಪ್ಪಳದಂತೆ ಒಡೆಯುತ್ತದೆ.

ಬೂಸ್ಟು ಹಿಡಿದ ಪ್ರತಿಗಳನ್ನು ಉಳಿದವುಗಳಿಂದ ಇವತ್ತೇ ಬೇರೆ ಮಾಡಿ. ಹಸಿ ಬೂಸ್ಟನ್ನು ಒರೆಸಬೇಡಿ, ಅದು ನಾರಿನೊಳಗೆ ಇಳಿಯುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿ ನೇರವಾಗಿ ಬಡಿಯದ ಕಡೆ, ಪುಡಿಯಾಗುವ ತನಕ ಒಣಗಿಸಿ. ಆಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬಣ್ಣದ ಬ್ರಷ್‌ನಿಂದ ನಿಮ್ಮಿಂದಾಚೆಗೆ ಗುಡಿಸಿ. ಬಿಸಿಲಿಗೆ ಹರಡುವ ರೂಢಿ ಕರಾವಳಿಯಲ್ಲಿ ಹಪ್ಪಳಕ್ಕೆ ಸರಿ, ಕಾಗದಕ್ಕಲ್ಲ. ಒಂದು ಮಧ್ಯಾಹ್ನದ ಬಿಸಿಲು ಮುಖಪುಟದ ಕೆಂಪನ್ನು ತಿಂದುಬಿಡುತ್ತದೆ.

ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ ತೆಗೆಯಲೇಬೇಕು, ತುಕ್ಕು ಕಾಗದವನ್ನು ಸುಡುತ್ತದೆ. ಪಿನ್ ತೆಗೆಯುವ ಇಕ್ಕಳ ಬಳಸಿದರೆ ಮಧ್ಯದ ಹಾಳೆ ಹರಿಯುತ್ತದೆ. ಪುಸ್ತಕವನ್ನು ನಡುಪುಟಕ್ಕೆ ತೆರೆದು, ಪಿನ್‌ನ ಮಡಚಿದ ಕಾಲುಗಳ ಕೆಳಗೆ ತೆಳುವಾದ ಪ್ಲಾಸ್ಟಿಕ್ ತುಂಡು ತೂರಿಸಿ, ಅದರ ಮೇಲೆ ಊರಿ ಚಪ್ಪಟೆ ಚಾಕುವಿನ ತುದಿಯಿಂದ ಕಾಲುಗಳನ್ನು ನೇರ ಮಾಡಿ. ಆಮೇಲೆ ಹೊರಗಡೆಯಿಂದ ನಿಧಾನವಾಗಿ ಎಳೆಯಿರಿ. ಅದೇ ರಂಧ್ರಗಳಲ್ಲಿ ಬಿಳಿ ಹತ್ತಿನೂಲು ಪೋಣಿಸಿ ನಡುಪುಟದಲ್ಲಿ ಗಂಟು ಹಾಕಿ. ಹೊಸ ಪಿನ್ ಬೇಡ. ಉಡುಪಿಯ ಗಾಳಿಗೆ ಮತ್ತೆ ತುಕ್ಕೇ ಬರುವುದು.

ಇಡುವುದು ಹೇಗೆ? ಪ್ರತಿ ಪುಸ್ತಕಕ್ಕೆ ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಚೀಲ, ಹಿಂದೆ ಆಮ್ಲವಿಲ್ಲದ ಬೋರ್ಡು. ಮೂಗಿಗೆ ಹೊಸ ರೇನ್‌ಕೋಟಿನ ವಾಸನೆ ಹೊಡೆಯುವ ಪ್ಲಾಸ್ಟಿಕ್ ಪಿವಿಸಿ, ಅದು ಬೇಡ. ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ಬೋರ್ಡು ಸಿಕ್ಕರೆ ಉತ್ತಮ, ಆಮ್ಲವನ್ನು ಸ್ವಲ್ಪವಾದರೂ ಹೀರುತ್ತದೆ. ಚೀಲದ ಬಾಯಿಯನ್ನು ಟೇಪ್ ಹಾಕಿ ಪೂರ್ತಿ ಮುಚ್ಚಬೇಡಿ. ಆಮ್ಲವಿರುವ ಕಾಗದವನ್ನು ಗಾಳಿಯಾಡದಂತೆ ಕಟ್ಟಿದರೆ ಅದು ಬಿಡುವ ಆವಿ ಒಳಗೇ ಉಳಿದು ಕಾಗದ ಇನ್ನೂ ಬೇಗ ಸಾಯುತ್ತದೆ. ಕಟಿಂಗ್‌ಗಳನ್ನು ಆಲ್ಬಂಗೆ ಗೋಂದಿನಲ್ಲಿ ಅಂಟಿಸದೆ, ವರ್ಷವಾರು ಜೋಡಿಸಿ ಆಮ್ಲರಹಿತ ಕಾಗದದ ಮಡಿಕೆಗಳಲ್ಲಿ ಮಲಗಿಸಿ.

ಟ್ರಂಕು ಅಟ್ಟದಿಂದ ಕೆಳಗಿಳಿಯಲಿ. ಹೊರಗೋಡೆಗೆ ತಾಗದಂತೆ, ನೆಲದಿಂದ ಅರ್ಧ ಅಡಿ ಮೇಲೆ, ಮನೆಯ ಒಳಕೋಣೆಯಲ್ಲಿಡಿ. ಆರ್ದ್ರತೆ ಅಳೆಯುವ ಪುಟ್ಟ ಮಾಪಕವೊಂದನ್ನು ಒಳಗಿಡಿ. 40ರಿಂದ 50 ಶೇಕಡ ಆದರ್ಶ, 65 ದಾಟಿದರೆ ಬೂಸ್ಟಿನ ಭಯ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಹಾಕಿ ಮರೆತ ಸಿಲಿಕಾ ಜೆಲ್ ಇದ್ದೂ ಇಲ್ಲದಂತೆ. ನುಸಿಗುಳಿಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ಮನೆಯವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಹುಳು ಕಂಡರೆ ಪ್ರತಿಗಳನ್ನು ಎರಡು ಪದರದ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಬೆವರು ಕೂರುತ್ತದೆ.

ಪ್ರಶ್ನೆ: ಲ್ಯಾಮಿನೇಷನ್ ಮಾಡಿಸಿಬಿಟ್ಟರೆ? (ಹಾಸನ)

ಉತ್ತರ: ಬೇಡವೇ ಬೇಡ. ಬಿಸಿಯಲ್ಲಿ ಅಂಟಿದ ಪದರವನ್ನು ಮತ್ತೆ ಬಿಡಿಸಲು ಬರುವುದಿಲ್ಲ, ಆಮ್ಲ ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸೆಲ್ಲೋ ಟೇಪಿಗೂ ಇದೇ ಉತ್ತರ. ಹರಿದದ್ದನ್ನು ಜೋಡಿಸಲೇಬೇಕಿದ್ದರೆ ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಅಂಟು. ಮೈದಾ ಅಂಟು ಹುಳುಗಳಿಗೆ ಊಟ.

ಪ್ರಶ್ನೆ: ಫ್ಯಾಂಟಮ್‌ನ ‘ಒರಿಜಿನಲ್ ಆರ್ಟ್’ ಎಂದು ಒಬ್ಬರು ಒಂದು ಹಾಳೆ ಮಾರಲು ತಂದಿದ್ದಾರೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಹಾಳೆಯನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿಯಿರಿ. ಅಸಲಿ ಚಿತ್ರದಲ್ಲಿ ಇಂಡಿಯಾ ಶಾಯಿ ಕಾಗದದ ಮೇಲೆ ಕೂತಿರುತ್ತದೆ. ದೊಡ್ಡ ಕಪ್ಪು ಜಾಗಗಳಲ್ಲಿ ಬ್ರಷ್ ಓಡಿದ ಗುರುತು, ದಟ್ಟ ತೆಳು ವ್ಯತ್ಯಾಸ ಕಾಣುತ್ತದೆ. ಅಚ್ಚಿನ ಕಪ್ಪು ಎಲ್ಲೆಡೆ ಒಂದೇ ಸಮ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಚುಕ್ಕಿಗಳ ಸಾಲು ಕಂಡರೆ ಅಚ್ಚು ಎಂದೇ ಸಂಶಯಪಡಿ. ಬೂದುಛಾಯೆಗೆ ಚುಕ್ಕಿಯ ಹಾಳೆ ಕತ್ತರಿಸಿ ಅಂಟಿಸುವ ಪದ್ಧತಿ ಇತ್ತು, ಆಗ ಹಾಳೆಯ ಅಂಚು ಬೆರಳಿಗೆ ಸಿಗುತ್ತದೆ. ಪೆನ್ಸಿಲ್ ಗೆರೆಯ ಅವಶೇಷ, ಕ್ಯಾಮೆರಾಗೆ ಕಾಣದ ತಿಳಿನೀಲಿ ಪೆನ್ಸಿಲ್, ಬಿಳಿ ಬಣ್ಣದ ತಿದ್ದುಪಡಿ, ಅಂಚಿನಲ್ಲಿ ಅಚ್ಚಿನ ಬ್ಲಾಕ್ ಮಾಡುವವರಿಗೆ ಬರೆದ ಅಳತೆ, ಸ್ಟ್ರಿಪ್ ಅನ್ನು ಪತ್ರಿಕೆಗಳಿಗೆ ಮಾರುವ ಸಂಸ್ಥೆಯಾದ ಸಿಂಡಿಕೇಟಿನ ಹಕ್ಕಿನ ಚೀಟಿ, ಇವು ಕೆಲಸ ಮಾಡಿದ ಹಾಳೆಯ ಕುರುಹು. ಅಸಲಿ ಅಚ್ಚಿಗಿಂತ ದೊಡ್ಡದಾಗಿರುತ್ತದೆ. ಅಚ್ಚಿನಷ್ಟೇ ಅಳತೆಯದಾದರೆ ಎಚ್ಚರ.

ಲೈಟ್‌ಬಾಕ್ಸ್ (ಕೆಳಗಿನಿಂದ ಬೆಳಕು ಬರುವ ಮೇಜು) ಮೇಲೆ ನಕಲು ಮಾಡಿದ್ದರೆ ಗೆರೆ ಅಳುಕುತ್ತದೆ, ಕೆಳಗೆ ತಡಕಾಡಿದ ಪೆನ್ಸಿಲ್ ಗೆರೆ ಇರುವುದಿಲ್ಲ. ಫ್ಯಾಂಟಮ್‌ನ ಮೊದಲ ಚಿತ್ರಕಾರ ರೇ ಮೂರ್ ಬರೆದ 1930ರ ದಶಕದ ಹಾಳೆ ಎಂದು ಹೇಳಿದರೆ ಕತ್ತಲೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿರುವ ಹೊಳಪಿನ ರಾಸಾಯನಿಕ ಆ ಕಾಲದ್ದಲ್ಲ. ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಭಾರತದಲ್ಲಿ ಸಿಗುವ ಇನ್ನೊಂದು ಬಗೆಯಿದೆ. ಇಂದ್ರಜಾಲದವರು ಸ್ಟ್ರಿಪ್‌ನ ಚೌಕಗಳನ್ನು ಪುಸ್ತಕದ ಪುಟಕ್ಕೆ ಹೊಂದಿಸಿ ಮಾತಿನ ಗುಳ್ಳೆಯಲ್ಲಿ ನಮ್ಮ ಭಾಷೆ ತುಂಬುತ್ತಿದ್ದರು. ಹಾಗೆ ಅಂಟಿಸಿ ಜೋಡಿಸಿದ ಪೇಸ್ಟಪ್ ಹಾಳೆ ಸಿಕ್ಕರೆ ಇಟ್ಟುಕೊಳ್ಳಲು ಯೋಗ್ಯ, ಆದರೆ ಅದು ಫ್ಯಾಂಟಮ್ ಚಿತ್ರಕಾರ ಸೈ ಬ್ಯಾರಿ ಕೈಯ ಚಿತ್ರವಲ್ಲ, ಆ ಬೆಲೆ ಕೊಡಬೇಡಿ.

ಪ್ರಶ್ನೆ: ನಮ್ಮ ಸಂಗ್ರಾಹಕರ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಎಲ್ಲರಿಗೂ ಬೇಕಾದವರು. ಸಂಗ್ರಹ ಏನು ಮಾಡುವುದೆಂದು ಮನೆಯವರು ಕೇಳುತ್ತಿದ್ದಾರೆ. ಅವರ ನೆನಪಿಗೆ ಒಂದು ಪುಸ್ತಿಕೆ ತರುವ ಆಸೆಯೂ ಇದೆ. (ಮೈಸೂರು)

ಉತ್ತರ: ವರ್ಷಾಂತಿಕ ಮುಗಿಯುವವರೆಗೆ ಮಾರಾಟದ ಮಾತು ಬೇಡ ಎಂದು ಮನೆಯವರಿಗೆ ಹೇಳಿ. ಸೋರುವ ಗೋಡೆ, ಗೆದ್ದಲು ಇದ್ದರೆ ಮಾತ್ರ ಜಾಗ ಬದಲಿಸಿ. ಜೋಡಣೆ ಕದಲಿಸುವ ಮೊದಲು ಪ್ರತಿ ಕಪಾಟಿನ, ಪ್ರತಿ ಡಬ್ಬಿಯ ಫೋಟೊ ತೆಗೆಯಿರಿ. ಅವರು ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಎಂಬುದರಲ್ಲೇ ಅರ್ಧ ಮಾಹಿತಿ ಇರುತ್ತದೆ. ಬಳಗದವರು ಅವರಿಂದ ತಂದಿದ್ದನ್ನು ಈಗಲೇ ಹಿಂದಿರುಗಿಸಿ. ಅವರ ಬಳಿ ಬಿಟ್ಟಿದ್ದನ್ನು ಕೇಳುವುದಾದರೆ ಚೀಟಿ, ಪತ್ರ ತೋರಿಸಿ ಕೇಳಿ. ಸಾವಿನ ಮನೆಯಲ್ಲಿ ಬಾಯಿಮಾತಿನ ಹಕ್ಕು ಸಾಧಿಸಿದರೆ ಬಳಗ ಒಡೆಯುತ್ತದೆ.

ಮನೆಯವರು ಮೊದಲು ಹೊರಹಾಕುವುದು ಪತ್ರವ್ಯವಹಾರ, ವಿನಿಮಯದ ಪಟ್ಟಿ, ರಸೀದಿ, ನೋಟ್‌ಬುಕ್. ಉಳಿಸಬೇಕಾದ ಮೊದಲ ಸರಕೂ ಅದೇ. ಯಾವ ಹಾಳೆ ಯಾರಿಂದ, ಯಾವಾಗ ಬಂತು ಎಂಬ ದಾಖಲೆ ಇಲ್ಲದ ಒರಿಜಿನಲ್ ಆರ್ಟ್ ಮಾರುಕಟ್ಟೆಯಲ್ಲೂ ಗ್ರಂಥಾಲಯದಲ್ಲೂ ಅನಾಥ.

ಪಟ್ಟಿ ಮಾಡುವಾಗ ಶೀರ್ಷಿಕೆ, ಭಾಷೆ, ಸಂಖ್ಯೆ, ದಿನಾಂಕ, ಅಚ್ಚಾದ ಬೆಲೆ, ಮುಖಪುಟ ಮತ್ತು ನಡುಹಾಳೆಯ ಸ್ಥಿತಿ, ಅವರ ಕೈಬರಹದ ಟಿಪ್ಪಣಿ ಬರೆಯಿರಿ. ಭಾಷೆಯ ಕಾಲಂ ಬಿಡಬೇಡಿ. ಅಮರ ಚಿತ್ರ ಕಥೆಯ ‘ಕೃಷ್ಣ’ನಿಗೆ 11ನೇ ಸಂಖ್ಯೆ ಏಕೆ ಎಂದು ತಲೆ ಕೆಡಿಸಿಕೊಂಡವರಿದ್ದಾರೆ. ಅದರ ಹಿಂದಿನ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು, 1965ರಲ್ಲಿ ಬೆಂಗಳೂರಿನ ಮುತುವರ್ಜಿಯಿಂದ ಕನ್ನಡದಲ್ಲಿ ಬಂದವು. ಇಂಗ್ಲಿಷ್ ಪ್ರತಿಗಳನ್ನಷ್ಟೇ ಬಲ್ಲ ವ್ಯಾಪಾರಿ ಅವನ್ನು ‘ಬೇರೆ ಮಕ್ಕಳ ಪುಸ್ತಕ’ದ ರಾಶಿಗೆ ಹಾಕುತ್ತಾನೆ.

ಮಾರುವುದರಲ್ಲಿ ತಪ್ಪೇನಿಲ್ಲ, ಬ್ಲ್ಯಾಕ್‌ಬಿಯರ್ಡ್ ಕೂಡ ಮಾರಿದ್ದೇ. ವ್ಯತ್ಯಾಸವೆಂದರೆ ಒಡೆಯದೆ ಮಾರಿದರು. ವ್ಯಾಪಾರಿಗೆ ಆರಿಸಿಕೊಳ್ಳಲು ಬಿಟ್ಟರೆ ಒಳ್ಳೆಯ ಇಪ್ಪತ್ತು ಹೋಗುತ್ತವೆ, ಉಳಿದ ಸಾವಿರಕ್ಕೆ ಕಿಲೋ ಲೆಕ್ಕ. ಸಂಸ್ಥೆಗೆ ದಾನ ಕೊಡುವುದಾದರೆ ಬರಹದಲ್ಲಿ ನಾಲ್ಕು ಮಾತು ಇರಲಿ: ಇಡಿಯಾಗಿ ಇಡುತ್ತಾರೆಯೇ, ಎರಡನೇ ಪ್ರತಿಗಳನ್ನು ಏನು ಮಾಡುತ್ತಾರೆ, ಓದುಗರಿಗೆ ತೆರೆಯುತ್ತಾರೆಯೇ, ಬೇಡವಾದರೆ ಮನೆಯವರಿಗೆ ಮರಳಿಸುತ್ತಾರೆಯೇ. ಮೂರನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಬಾಗಿಲು ನೋಡಿ.

ಪುಸ್ತಿಕೆಗೆ ‘ಸರಳ ಸಜ್ಜನ’ ಎಂಬ ಹತ್ತು ಲೇಖನ ಬೇಡ. ಅವರು ಯಾವ ಸರಣಿ ಪೂರ್ತಿ ಮಾಡಿದರು, ಕೊನೆಯ ಸಂಖ್ಯೆ ಎಲ್ಲಿ ಸಿಕ್ಕಿತು, ಯಾವ ಸಂಖ್ಯೆ ಕೊನೆಗೂ ಸಿಗಲಿಲ್ಲ, ಯಾರ ಪುಸ್ತಕಕ್ಕೆ ಯಾವ ಪುಟ ಕೊಟ್ಟರು ಎಂದು ಒಬ್ಬೊಬ್ಬರಿಂದ ಒಂದು ಪುಟ ಬರೆಸಿ. ಚಿತ್ರ ಬಳಸುವಾಗ ನೆನಪಿಡಿ, ಹಾಳೆ ಮನೆಯವರದು, ಹಕ್ಕು ಅವರದಲ್ಲ. ನಮ್ಮ ಕಾಯಿದೆಯಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ವಿಮರ್ಶೆಯ ಜೊತೆ ಒಂದೆರಡು ಚೌಕ ನಡೆಯುತ್ತದೆ, ಇಡೀ ಕಥೆ ಅಚ್ಚು ಮಾಡಲು ಅನುಮತಿ ಬೇಕು. ಸ್ಕ್ಯಾನ್ 600 ಡಿಪಿಐನಲ್ಲಿ, ಕಪ್ಪು ಬಿಳುಪಿನ ಹಾಳೆಯಾದರೂ ಬಣ್ಣದಲ್ಲೇ ಮಾಡಿ. ನ್ಯೂಸ್‌ಪ್ರಿಂಟ್ ಹಿಂದೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಅಕ್ಷರ ಮೂಡುವುದಿಲ್ಲ.

ಮತ್ತೆ, ನೆನಪಿಗೆಂದು ಪ್ರತಿ ಪುಸ್ತಕದ ಮೇಲೂ ಅವರ ಹೆಸರಿನ ರಬ್ಬರ್ ಸ್ಟ್ಯಾಂಪ್ ಒತ್ತಲು ಹೊರಟಿದ್ದರೆ ತಡೆಯಿರಿ, ಶಾಯಿ ಎರಡು ಪುಟ ಆಚೆಗೂ ಇಳಿಯುತ್ತದೆ. ಹೆಸರನ್ನು ಮೆತ್ತನೆಯ ಪೆನ್ಸಿಲ್‌ನಲ್ಲಿ, ಹಿಂದಿಡುವ ಬೋರ್ಡಿನ ಮೇಲೆ ಬರೆದರೆ ಸಾಕು.